ಕಂಬಳಿ ಬಿತ್ತು

ನನ್ನ ಕೈಗೆ ಮೈಕು ಕೊಡಬಾರದಿತ್ತು. ಕೊಟ್ಟರು. ಕೊಟ್ಟ ಮೇಲೆ ಕಿತ್ತುಕೊಳ್ಳಲು ನೋಡಿದರು. ಅದೆಲ್ಲ ಆಗುವ ಹೋಗುವ ಮಾತೇ?

ನಾನು ಪ್ರಮೀಳಾ. ಶಿಕಾರಿಪುರದ ಬಸ್ ಸ್ಟ್ಯಾಂಡ್ ಹಿಂದಿನ ಬೀದಿಯಲ್ಲಿ ಗಾಡಿ ಸ್ಪೇರ್ ಪಾರ್ಟ್ಸ್ ಅಂಗಡಿ ಇಟ್ಟಿದ್ದೇನೆ. ಹೊಸ ಗಿರಾಕಿಗಳು ಬಂದು, ನನ್ನ ತಲೆಯ ಮೇಲಿಂದ ಒಳಗೆ ಇಣುಕಿ, "ಓನರ್ ಇಲ್ವೇನ್ರೀ?" ಎಂದು ಕೇಳುತ್ತಾರೆ. "ಓನರ್ ಎದ್ರಿಗೇ ಅದಾಳೆ, ಸರಿಯಾಗಿ ನೋಡ್ರಿ" ಎನ್ನುತ್ತೇನೆ. ನನ್ನ ಬಾಯಿಯೇ ಹೀಗೆ. ಈ ಬಾಯಿಯಿಂದಲೇ ನನಗೆ ಇನ್ನೊಂದು ಕೆಲಸವೂ ಸಿಕ್ಕಿತು. ಶಿಕಾರಿಪುರಕ್ಕೂ ಸೊರಬಕ್ಕೂ ನಡುವೆ ಕುರಿಕೆರೆ ಎಂಬ ಹಳೇ ಕೆರೆಯಿದೆ. ಅದರ ಅಂಗಳದಲ್ಲಿ ಹುಡುಗ ಹುಡುಗಿಯರ ಕಾರ್ ರೇಸ್ ಶುರುವಾದ ದಿನದಿಂದ ಅಲ್ಲಿ ಮೈಕು ಹಿಡಿದು ಕೂಗುವವಳು ನಾನು.

ರಸ್ತೆಯಲ್ಲಿ ಓಡುವಂಥ ಕಾರಲ್ಲ ಅದು. ನಾಲ್ಕು ಚಕ್ರವೂ ಮೈಯಿಂದ ಹೊರಗೆ, ತಲೆಯ ಮೇಲೆ ಸೂರಿಲ್ಲ, ಬಾಗಿಲಿಲ್ಲ, ಒಬ್ಬರು ಕೂರುವಷ್ಟೇ ಜಾಗ. ಈಗ ಅದಕ್ಕೆ ಜೂನಿಯರ್ ಫಾರ್ಮುಲಾ ಎಂದು ದೊಡ್ಡ ಹೆಸರು. ಹದಿನೆಂಟು ತುಂಬಿತೋ, ಇಳಿದು ಮನೆಗೆ ಹೋಗಬೇಕು. ನಮ್ಮ ಜನರ ಬಾಯಲ್ಲಿ ಮಾತ್ರ ಅದು ಇವತ್ತಿಗೂ ಬೋಳುಗಾಡಿ.

ಈ ಬೇಸಿಗೆಗೆ ನಮ್ಮ ಸರಣಿಗೆ ಹತ್ತು ವರ್ಷ ತುಂಬಿತು. ಫೈನಲ್‌ಗೆ ಎರಡು ದಿನ ಇರುವಾಗ ಸಮಿತಿಯ ಅಧ್ಯಕ್ಷ ಮಹೇಶ್ವರಪ್ಪನವರು ಅಂಗಡಿಗೆ ಬಂದರು. ಅಕ್ಕಿ ಗಿರಣಿಯ ಮಾಲೀಕರು, ಮಾತು ಬೆಣ್ಣೆ.

"ಪ್ರಮೀಳಮ್ಮ, ಫೈನಲ್ ಶುರು ಮಾಡೋಕೆ ಮುಂಚೆ ನಮ್ ಸರಣಿ ಇತಿಹಾಸ ಓದ್ಬೇಕ್ರೀ. ನಿಮ್ ಗಂಟ್ಲಿಂದ ಬಂದ್ರೇ ಅದಕ್ಕೊಂದು ಕಳೆ" ಎಂದು ಒಂದು ಹಾಳೆ ಚಾಚಿದರು.

ಹೊಗಳಿಕೆಗೆ ನಾನೂ ಸ್ವಲ್ಪ ಕರಗುತ್ತೇನೆ, ಸುಳ್ಳು ಯಾಕೆ. ಹಾಳೆ ತೆಗೆದುಕೊಂಡು ಓದಿದೆ. ಶುರುವಿನಲ್ಲೆಲ್ಲ ಅವರ ಹೆಸರು, ಅವರ ಗಿರಣಿಯ ಹೆಸರು. ಇರಲಿ ಬಿಡು, ಎಂದುಕೊಂಡೆ. ಕೆಳಗೆ ಹೀಗೆ ಬರೆದಿತ್ತು: ಐದನೆಯ ವರ್ಷದ ಅಂತಿಮ ಸ್ಪರ್ಧೆಯಲ್ಲಿ ಸ್ಥಳೀಯ ಕುರಿಗಾಹಿಯೊಬ್ಬ ದುರುದ್ದೇಶದಿಂದ ಕಪ್ಪು ಬಾವುಟ ತೋರಿಸಿ ಅಡ್ಡಿಪಡಿಸಿದ ಕಾರಣ, ನ್ಯಾಯಯುತವಾಗಿ ಹರ್ಷವರ್ಧನ ಅವರನ್ನು ಚಾಂಪಿಯನ್ ಎಂದು ಘೋಷಿಸಲಾಯಿತು.

ಹರ್ಷವರ್ಧನ ಎಂದರೆ ಇದೇ ಮಹೇಶ್ವರಪ್ಪನವರ ಮಗ. ಕುರಿಗಾಹಿಯೊಬ್ಬ ಎಂದರೆ ಉಜ್ಜಪ್ಪಜ್ಜ. ನನ್ನ ಮೈಯೆಲ್ಲ ಉರಿದುಹೋಯಿತು. ಹೆಸರೂ ಇಲ್ಲ! ಆ ಮನುಷ್ಯ ಇಲ್ಲದಿದ್ದರೆ ಈ ಸರಣಿಗೆ ಕಾಲೂರಲು ಒಂದು ಗೇಣು ನೆಲ ಇರುತ್ತಿರಲಿಲ್ಲ.

"ಇದನ್ನ ನಾನು ಓದ್ಬೇಕಾ?"

"ಯಾಕ್ರೀ, ಅಕ್ಷರ ದಪ್ಪ ಮಾಡಿಸ್ಲಾ?" ಎಂದು ನಕ್ಕು ಹೋದರು.

ಇತಿಹಾಸವಂತೆ. ಇತಿಹಾಸ ನಾನು ಹೇಳುತ್ತೇನೆ, ಕೇಳಿ.

ಆನವಟ್ಟಿಯಲ್ಲಿ ಚೌಡೇಶ್ ಎಂಬ ಗ್ಯಾರೇಜಿನವನಿದ್ದಾನೆ. ಹತ್ತು ವರ್ಷದ ಹಿಂದೆ ಅವನ ಗ್ಯಾರೇಜಿಗೆ ಲಾರಿಗೆ ಗುದ್ದಿದ ಮಾರುತಿ ಕಾರೊಂದು ಬಂತು. ಮೈಯೆಲ್ಲ ನಜ್ಜುಗುಜ್ಜು, ಎಂಜಿನ್ ಮಾತ್ರ ಗಟ್ಟಿ. ಅವನು ಮೈಯನ್ನು ಕಿತ್ತು ಬಿಸಾಕಿ, ಪೈಪು ಬೆಸೆದು, ಒಂದು ಸೀಟು ಕೂರಿಸಿ, ಓಡಿಸಲು ಜಾಗ ಹುಡುಕಿಕೊಂಡು ಕುರಿಕೆರೆಗೆ ಬಂದ. ಬೇಸಿಗೆಯಲ್ಲಿ ಆ ಕೆರೆಯಲ್ಲಿ ಮಧ್ಯದ ಗುಂಡಿಯೊಂದು ಬಿಟ್ಟರೆ ಎಲ್ಲೂ ನೀರಿರುವುದಿಲ್ಲ. ಅಂಗಳ ಗಟ್ಟಿ ಬಯಲು. ಅಲ್ಲಿ ಉಜ್ಜಪ್ಪಜ್ಜನ ಕುರಿಗಳು ಮೇಯುತ್ತಿದ್ದವು. ಅವರ ತಾತನ ಕಾಲದಿಂದ ಬೇಸಿಗೆಯ ಕೆರೆಯಂಗಳ ಅವರ ಹಿಂಡಿಗೇ ಸೇರಿದ್ದು, ಅದನ್ನು ಯಾರೂ ಪ್ರಶ್ನೆ ಮಾಡುತ್ತಿರಲಿಲ್ಲ. ನಾನು ಚೌಡೇಶನಿಗೆ ಬೇರಿಂಗು ಕೊಡಲು ಹೋದವಳು ಅಲ್ಲೇ ಇದ್ದೆ.

ಅಜ್ಜ ಕಾರನ್ನು ಒಂದು ಸುತ್ತು ಬಂದು ನೋಡಿದರು. "ಏನಪ್ಪ ಇದು, ಗಾಡಿ ಬಟ್ಟೆ ಬಿಚ್ಚಿ ತಂದೀಯಲ್ಲ! ಬೋಳುಗಾಡಿ!"

"ಮಕ್ಳಿಗೆ ರೇಸ್ ಕಲ್ಸೋಕೆ ಅಜ್ಜಾರೆ. ಎಂತ ಆಗೂದಿಲ್ಲ, ಒಂದ್ ಚೂರು ಜಾಗ ಕೊಡಿ" ಎಂದು ಚೌಡೇಶ್ ಕೈಮುಗಿದ.

ಅಜ್ಜ ಯೋಚಿಸಿ ಷರತ್ತು ಹಾಕಿದರು. ಕುರಿ ನೀರಿಗೆ ಇಳಿಯುವ ಹೊತ್ತಿಗೆ ಗಾಡಿ ನಿಲ್ಲಬೇಕು. ನಿಲ್ಲಿಸುವವರು ಅವರೇ. ಮೊಮ್ಮಗಳು ನಾಗಶ್ರೀಗೂ ಓಡಿಸಲು ಕೊಡಬೇಕು.

"ಹೆಣ್ಣುಡುಗಿಗಾ?" ಎಂದ ಚೌಡೇಶ್.

"ಯಾಕೆ, ನಿನ್ ಗಾಡಿ ಗಂಡಾ?" ಎಂದರು ಅಜ್ಜ. ನಾನು ಬಿದ್ದು ಬಿದ್ದು ನಕ್ಕೆ.

ಹೀಗೆ ಶುರುವಾಯಿತು. ನಾಗಶ್ರೀಗೆ ಆಗ ಕಾಲು ಬ್ರೇಕಿಗೆ ಎಟುಕುತ್ತಿರಲಿಲ್ಲ, ಬೆನ್ನಿಗೆ ದಿಂಬು ಕಟ್ಟಿ ಕೂರಿಸಿದೆವು. ಹರ್ಷವರ್ಧನನೂ ಅವಳ ಓರಗೆಯವನು, ಅಪ್ಪನ ಜೀಪಿನಲ್ಲಿ ಬಂದು ಇಳಿಯುತ್ತಿದ್ದ. ಇನ್ನೂ ಕೆಲವು ಮಕ್ಕಳು ಸೊರಬದಿಂದ, ಚಂದ್ರಗುತ್ತಿ ಕಡೆಯಿಂದ ಬಂದರು. ಬಾವುಟ ಗೀವುಟ ಏನೂ ಇರಲಿಲ್ಲ. ಕೊನೆಯ ಸುತ್ತಿನಲ್ಲಿ ಮೊದಲ ಗಾಡಿ ಗೆರೆ ದಾಟಿದ ಕೂಡಲೇ ಅಜ್ಜ ಹೆಗಲ ಮೇಲಿನ ಕರಿ ಕಂಬಳಿ ತೆಗೆದು, ಹಿಂಡು ತಿರುಗಿಸುವಾಗ ಬೀಸುವ ಹಾಗೆಯೇ ಒಂದು ಸಲ ಬೀಸಿ, ಅಗಲಕ್ಕೆ ನೆಲಕ್ಕೆ ಹಾಸುತ್ತಿದ್ದರು. ನಾನು ಮೈಕಿನಲ್ಲಿ, "ಕಂಬಳಿ ಬಿತ್ತು!" ಎಂದು ಕೂಗುತ್ತಿದ್ದೆ. ಕಂಬಳಿ ಬಿತ್ತೆಂದರೆ ಉಳಿದವರು ಎಲ್ಲಿದ್ದಾರೋ ಅಲ್ಲೇ ಆಕ್ಸಿಲರೇಟರಿನಿಂದ ಕಾಲು ಎತ್ತಿ ಗಾಡಿ ಪಕ್ಕಕ್ಕೆ ತಿರುಗಿಸಬೇಕು. ಗೆರೆಯವರೆಗೂ ಬರುವ ಹಾಗಿಲ್ಲ. ಯಾಕೆಂದರೆ ಅಷ್ಟರಲ್ಲಿ ಕುರಿ ಇಳಿಯುತ್ತಿದ್ದವು. ಯಾರು ಎಲ್ಲಿದ್ದರೋ ಅದೇ ಅವರ ಸ್ಥಾನ.

ಗೆದ್ದವರು ಚಪ್ಪಲಿ ಶೂ ಬಿಚ್ಚಿ ಕಂಬಳಿಯ ಮೇಲೆ ಕೂರಬೇಕು, ಅಜ್ಜ ಹಣೆಗೆ ಭಂಡಾರ ಹಚ್ಚುತ್ತಾರೆ. ಅದೇ ಟ್ರೋಫಿ, ಅದೇ ಮೆಡಲು. ಜಗಳ ಬಂದರೂ ಅದೇ ಕಂಬಳಿ. ಇವನು ನನ್ನ ಚಕ್ರಕ್ಕೆ ತಾಗಿಸಿದ, ಇಲ್ಲ ಅವಳೇ ತಾಗಿಸಿದ್ದು ಎಂದು ಶುರುವಾದರೆ ಅಜ್ಜ, "ಹತ್ತಿ ಹೇಳು" ಎನ್ನುತ್ತಿದ್ದರು. ಅವರ ಮನೆತನದಲ್ಲಿ ಕಂಬಳಿ ಹಾಸಿದರೆ ಅದು ದೇವರ ಗದ್ದಿಗೆ. ಅದರ ಮೇಲೆ ಬರಿಗಾಲಲ್ಲಿ ನಿಂತು ಸುಳ್ಳು ಹೇಳಿದವರನ್ನು ನಾನು ಕಂಡಿಲ್ಲ. ಹರ್ಷವರ್ಧನ ಒಂದು ಸಲ ಹತ್ತಿ, ಅಳುತ್ತಾ, "ನಾನೇ ಗುದ್ದಿದ್ದು" ಎಂದಿದ್ದ. ಒಳ್ಳೆಯ ಹುಡುಗನೇ. ಎರಡು ಸಲ ಗೆದ್ದು ಅದೇ ಕಂಬಳಿಯ ಮೇಲೆ ಕೂತೂ ಇದ್ದ.

ಐದನೆಯ ವರ್ಷ ಎಲ್ಲ ಬದಲಾಯಿತು. ಸುದ್ದಿ ಹಬ್ಬಿ, ದೊಡ್ಡವರು ಬಂದರು. ಕೆರೆಯ ದಂಡೆಯಾಚೆ ಡಾಂಬರು ಟ್ರ್ಯಾಕ್ ಆಯಿತು, ಸಮಿತಿ ಆಯಿತು, ಮಹೇಶ್ವರಪ್ಪ ಅಧ್ಯಕ್ಷರಾದರು. ಹೊರಗಿನಿಂದ ತೀರ್ಪುಗಾರರು ಬಂದು ಮಕ್ಕಳಿಗೆ ಬಾವುಟದ ಪಾಠ ಮಾಡಿದರು. ಹಳದಿ ಎಂದರೆ ಅಪಾಯ. ಚೌಕುಳಿ ಎಂದರೆ ರೇಸ್ ಮುಗಿಯಿತು. ಕಪ್ಪು ಎಂದರೆ ನೀನು ತಪ್ಪು ಮಾಡಿದ್ದೀಯ, ಆಟದಿಂದ ಹೊರಗೆ, ತಕ್ಷಣ ಒಳಗೆ ಬಾ. ಉಜ್ಜಪ್ಪಜ್ಜನಿಗೆ ಬೇವಿನ ಮರದ ಕೆಳಗೆ ಒಂದು ಪ್ಲಾಸ್ಟಿಕ್ ಕುರ್ಚಿ ಕೊಟ್ಟು, ಹಿರಿಯರು, ಸುಮ್ಮನೆ ಕೂತು ನೋಡಿ ಎಂದರು. ಕಪ್ಪಿನ ಅರ್ಥ ಅವರಿಗೆ ಯಾರೂ ಹೇಳಲಿಲ್ಲ.

ಆ ವರ್ಷದ ಫೈನಲ್. ಕೊನೆಯ ಸುತ್ತಿನಲ್ಲಿ ನಾಗಶ್ರೀ ಮುಂದೆ, ಹರ್ಷ ಹಿಂದೆ. ಅವನು ಹಿಡಿಯುವ ಹಾಗಿರಲಿಲ್ಲ, ಅಷ್ಟು ಅಂತರವಿತ್ತು. ನಾಗಶ್ರೀ ಗೆರೆ ದಾಟಿದಳು, ತೀರ್ಪುಗಾರರು ಚೌಕುಳಿ ಬೀಸಿದರು. ಮರದ ಕೆಳಗಿದ್ದ ಅಜ್ಜನಿಗೆ ಖುಷಿ ತಡೆಯಲಾಗಲಿಲ್ಲ. ಎದ್ದು ಕಂಬಳಿ ಬೀಸಿದರು. ನಾನು, "ಕಂಬ..." ಎನ್ನುವಷ್ಟರಲ್ಲಿ ಒಬ್ಬ ಓಡಿಬಂದು ನನ್ನ ಕೈಯಿಂದ ಮೈಕು ಕಿತ್ತುಕೊಂಡ. ನೋಡಿದರೆ ಹರ್ಷ ಗೆರೆ ದಾಟದೆ, ಪಕ್ಕದ ದಾರಿಗೆ ತಿರುಗಿಸಿ ಒಳಗೆ ಬಂದು ನಿಂತಿದ್ದ.

ಮಹೇಶ್ವರಪ್ಪ ಆಕಾಶ ಭೂಮಿ ಒಂದು ಮಾಡಿದರು. "ಮುದುಕ ಕಪ್ಪು ತೋರ್ಸಿದಾನೆ! ನನ್ ಮಗ ತನ್ನನ್ನೇ ಹೊರಗೆ ಹಾಕಿದ್ರು ಅಂತ ತಿಳ್ದು ಒಳಗೆ ಬಂದಾನೆ! ಮೊಮ್ಮಗಳನ್ನ ಗೆಲ್ಸೋಕೆ ಮಾಡಿದ್ ಮೋಸ ಇದು!" ತೀರ್ಪುಗಾರರು ಒಳಗೆ ಕೂತು ಮಾತಾಡಿದರು. ಹುಡುಗನನ್ನು ಯಾರೂ ಕೇಳಲಿಲ್ಲ, ಅವನ ಪರವಾಗಿ ಅಪ್ಪನೇ ಎಲ್ಲ ಹೇಳಿದರು. ಹೊರಗೆ ಬಂದು ನಾಗಶ್ರೀಯ ಗೆಲುವು ರದ್ದು, ಹರ್ಷನೇ ಚಾಂಪಿಯನ್ ಎಂದರು. ಮನೆಯವರು ಅಡ್ಡಿ ಮಾಡಿದ್ದಕ್ಕೆ ಒಂದು ವರ್ಷ ಅವಳು ಓಡಿಸುವಂತಿಲ್ಲ ಎಂದೂ ಸೇರಿಸಿದರು. ಅವಳಿಗಾಗಲೇ ಹದಿನೇಳು. ಒಂದು ವರ್ಷ ಎಂದರೆ ಮುಗಿಯಿತಲ್ಲ, ಇನ್ನೆಲ್ಲಿಯ ಜೂನಿಯರ್?

ನಾನು ಸುಮ್ಮನಿರಲಿಲ್ಲ. ಅವತ್ತು ನಾನು ಬೈದ ಬೈಗುಳಕ್ಕೆ ಮುಂದಿನ ವರ್ಷ ನನ್ನನ್ನು ಬಿಟ್ಟು ಬೇರೆ ಯಾರನ್ನೋ ಕರೆಸಿದರು. ಅವನು ಮೂಗಿನಲ್ಲಿ ಇಂಗ್ಲಿಷ್ ಮಾತಾಡಿದ, ಜನ ಎದ್ದು ಮಂಡಕ್ಕಿ ಮಿರ್ಚಿ ತಿನ್ನಲು ಹೋದರು. ಮತ್ತೆ ನನ್ನನ್ನೇ ಕರೆದರು. ಬೋಳುಗಾಡಿಯ ಮೇಲಿನ ಆಸೆಗೆ ನಾನೂ ಹೋದೆ.

ಆದರೆ ಉಜ್ಜಪ್ಪಜ್ಜ ಬರಲಿಲ್ಲ. ಅವತ್ತು ಕಂಬಳಿ ಮಡಚಿ ಅಟ್ಟದ ಮೇಲೆ ಇಟ್ಟವರು ಮತ್ತೆ ಹೆಗಲಿಗೆ ಹಾಕಲಿಲ್ಲ. ಹುಟ್ಟಿದಾಗಿನಿಂದ ಕಂಬಳಿ ಇಲ್ಲದೆ ಅವರನ್ನು ಯಾರೂ ನೋಡಿರಲಿಲ್ಲ. ಬರಿ ಹೆಗಲಲ್ಲಿ ಸಂತೆಗೆ ಬಂದಾಗ ನನಗೆ ಗುರುತೇ ಸಿಕ್ಕಿರಲಿಲ್ಲ.

ಹಾಳೆ ಕೈಗೆ ಬಂದ ದಿನವೇ ನಾನು ಅವರ ಮನೆಗೆ ಹೋದೆ. ನಾಗಶ್ರೀಯೂ ಇದ್ದಳು. ಈಗ ಅವಳು ಸೊರಬದಲ್ಲಿ ಡ್ರೈವಿಂಗ್ ಸ್ಕೂಲ್ ನಡೆಸುತ್ತಾಳೆ, ಸೊಸೆಯಂದಿರಿಗೂ ಅತ್ತೆಯಂದಿರಿಗೂ ಕ್ಲಚ್ಚು ಬ್ರೇಕು ಕಲಿಸುತ್ತಾಳೆ. ಹಾಳೆಯನ್ನು ಓದಿ ಹೇಳಿದೆ. ಅಜ್ಜ ತಲೆ ತಗ್ಗಿಸಿಕೊಂಡು ಕೇಳಿದರು.

"ಓದಲ್ಲ ಅಂತ ಹೇಳ್ಬಿಡು ಪ್ರಮೀಳಕ್ಕ, ಸಾಕು" ಎಂದಳು ನಾಗಶ್ರೀ.

"ನಾನ್ ಓದ್ದಿದ್ರೆ ಇನ್ನೊಬ್ರು ಓದ್ತಾರೆ ಕಣೆ!"

ಆಗ ಅಜ್ಜ ತಲೆ ಎತ್ತಿದರು. "ಆ ಹುಡುಗ ಎಲ್ಡು ಸಲ ನನ್ ಕಂಬಳಿ ಮ್ಯಾಲೆ ಕುಂತಾನೆ. ನನ್ ಕಂಬಳಿ ಯಾವ್ದು, ಬಾವುಟ ಯಾವ್ದು ಅವ್ನಿಗೆ ಗೊತ್ತಿಲ್ವಾ? ತಂಗೀ, ನಾನು ತಪ್ಪು ಮಾಡೀನೋ ಇಲ್ವೋ ನಂಗೇ ತಿಳೀದು. ಆ ಬಣ್ಣಕ್ಕೆ ಹಂಗೊಂದ್ ಅರ್ಥ ಐತಿ ಅಂತ ಕೇಳಿದ್ದೇ ಅವತ್ತು. ಅವನೇ ಹತ್ತಿ ಹೇಳ್ಲಿ. ಕಪ್ಪು ಬಾವುಟ ಅಂತ್ಲೇ ತಿಳ್ದೆ ಅಂದ್ರೆ, ನಾನು ಮೋಸಗಾರ ಅಂತ ಒಪ್ಕೊಂಡು ಸಾಯೋತನ್ಕ ಇದನ್ನ ಹೆಗಲಿಗೆ ಹಾಕಲ್ಲ."

"ಅವ್ನು ಸುಳ್ಳು ಹೇಳಿದ್ರೆ?"

"ಹತ್ತಿ ಹೇಳ್ಲಿ" ಎಂದಷ್ಟೇ ಅಂದರು.

ನನಗೆ ಭಯವಾಯಿತು, ನಿಜ ಹೇಳುತ್ತೇನೆ. ಚಿಕ್ಕವನಿದ್ದಾಗ ಅತ್ತವನು ದೊಡ್ಡವನಾದ ಮೇಲೂ ಅಳುತ್ತಾನೆಂದು ಏನು ಗ್ಯಾರಂಟಿ? ಅವನು ಈಗ ಸ್ವಂತ ತಂಡ ಕಟ್ಟಿದ್ದಾನೆ, ಚಾಂಪಿಯನ್ ಎಂಬ ಹೆಸರಿನ ಮೇಲೆಯೇ ಎಲ್ಲ ನಿಂತಿದೆ. ಆದರೂ ನಾಗಶ್ರೀ ಏಣಿ ಹಾಕಿ ಅಟ್ಟ ಹತ್ತಿದಳು.

ಫೈನಲ್ ದಿನ ಟ್ರ್ಯಾಕಿನ ಸುತ್ತ ಜನವೋ ಜನ. ವೇದಿಕೆಯ ಮೇಲೆ ಮಹೇಶ್ವರಪ್ಪ, ಪಕ್ಕದಲ್ಲಿ ಹರ್ಷವರ್ಧನ, ತಂಡದ ಕೆಂಪು ಜಾಕೆಟ್ಟು ಹಾಕಿಕೊಂಡಿದ್ದ. ನನ್ನನ್ನು ಕರೆದು ಮೈಕು ಕೊಟ್ಟರು. ನಾನು ಹಾಳೆಯನ್ನು ಮಡಚಿ ಬ್ಲೌಸಿಗೆ ಸಿಕ್ಕಿಸಿಕೊಂಡೆ.

"ನಮಸ್ಕಾರ. ಇತಿಹಾಸ ಓದು ಅಂದಾರೆ. ಓದೋದೇನು, ನಾನ್ ಕಣ್ಣಾರೆ ಕಂಡೀನಿ, ಹೇಳ್ತೀನಿ" ಎಂದು ಶುರು ಮಾಡಿದೆ. ನಜ್ಜುಗುಜ್ಜಾದ ಮಾರುತಿ, ಬಟ್ಟೆ ಬಿಚ್ಚಿದ ಗಾಡಿ, ದಿಂಬು, ಎಲ್ಲ ಹೇಳಿದೆ. ಜನ ನಕ್ಕರು, ಚೌಡೇಶ್ ಗಾಡಿ ರಿಪೇರಿಯ ಪಿಟ್ಟಿನಿಂದಲೇ ಶಿಳ್ಳೆ ಹೊಡೆದ. ಮಹೇಶ್ವರಪ್ಪನವರೂ ಬಲವಂತಕ್ಕೆ ಹಲ್ಲು ಬಿಟ್ಟರು. ಐದನೆಯ ವರ್ಷಕ್ಕೆ ಬಂದೆ.

"ಇಲ್ಲೊಬ್ರು ಕಂಬಳಿ ಬೀಸಿದ್ರು. ಅವರ ಹೆಸರು ಉಜ್ಜಪ್ಪ. ಅದಕ್ಕೆ ಕಪ್ಪು ಬಾವುಟ ಅಂತ ಹೆಸರಿಟ್ಟು..."

ಮೈಕು ಸತ್ತಿತು. ನೋಡಿದರೆ ಮಹೇಶ್ವರಪ್ಪ ಸೌಂಡ್ ಸಿಸ್ಟಮ್ ಹುಡುಗನಿಗೆ ಕೈಸನ್ನೆ ಮಾಡಿಯಾಗಿತ್ತು. ಪಾಪ, ನನ್ನ ಗಂಟಲಿಗೆ ಯಾವತ್ತೂ ಕರೆಂಟು ಬೇಕಾಗಿರಲಿಲ್ಲ ಎಂಬುದು ಆ ಮನುಷ್ಯನಿಗೆ ಮರೆತಿತ್ತು. ವೇದಿಕೆಯ ಅಂಚಿಗೆ ಬಂದು ಸೆರಗು ಸೊಂಟಕ್ಕೆ ಸಿಕ್ಕಿಸಿ ಕೂಗಿದೆ.

"ಬಾವುಟ ಅಂತ ಹೆಸರಿಟ್ಟು ಗೆದ್ದವಳನ್ನ ಮನೆಗೆ ಕಳ್ಸಿದ್ರು! ಆ ಕಂಬಳಿ ಇಲ್ಲೇ ಬಂದೈತಿ! ಹರ್ಷಾ, ನಿಮ್ಮಪ್ಪ ಹೇಳಿದ್ ಸಾಕು, ನೀನ್ ಹತ್ತಿ ಹೇಳು!"

ಜನ ತಾವಾಗಿಯೇ ದಾರಿ ಬಿಟ್ಟರು. ಉಜ್ಜಪ್ಪಜ್ಜ ಬಂದರು, ಬರಿ ಹೆಗಲು. ನಾಗಶ್ರೀ ಕಂಬಳಿಯನ್ನು ಎರಡೂ ಕೈಯಲ್ಲಿ ಹೊತ್ತು ತಂದು ವೇದಿಕೆಯ ಮುಂದೆ ನೆಲಕ್ಕೆ ಹಾಸಿದಳು. ಮಡಿಕೆ ಬಿದ್ದ ಗೆರೆಗಳು ಹಾಗೇ ಇದ್ದವು.

"ಯಾರಾದ್ರೂ ಇವ್ರನ್ನ ಆಚೆ ಕಳ್ಸ್ರಿ!" ಎಂದರು ಮಹೇಶ್ವರಪ್ಪ. ಯಾರೂ ಕದಲಲಿಲ್ಲ. ಮಗನ ಮೊಣಕೈ ಹಿಡಿದರು. "ಹರ್ಷ, ಇಲ್ಲೇ ನಿಲ್ಲು. ಇದೆಲ್ಲ ನಾಟ್ಕ. ಮೇಲಿಂದ ಇಳೀಬ್ಯಾಡ."

ಹರ್ಷವರ್ಧನ ಕಂಬಳಿಯನ್ನೇ ನೋಡುತ್ತಿದ್ದ. ಇಳಿಯದೆ ಹೋದರೆ ಅಜ್ಜನ ಹೆಗಲು ಬರಿದಾಗಿಯೇ ಉಳಿಯುತ್ತದೆ, ಇಳಿದು ಅಪ್ಪನ ಮಾತನ್ನೇ ಹೇಳಿದರೂ ಅಷ್ಟೇ. ಅವನು ಮೊಣಕೈ ಬಿಡಿಸಿಕೊಂಡು ಮೆಟ್ಟಿಲು ಇಳಿದ. ಕಂಬಳಿಯ ಅಂಚಿಗೆ ಬಂದು ನಿಂತ. ಬಗ್ಗಿ ಶೂ ಲೇಸು ಬಿಚ್ಚತೊಡಗಿದ. ಒಂದು ಲೇಸು ಗಂಟಾಯಿತು. ಕೊನೆಗೆ ಹಾಗೇ ಎಳೆದು ತೆಗೆದ. ಕಾಲುಚೀಲವನ್ನೂ ತೆಗೆದು ಕಂಬಳಿ ಹತ್ತಿದ.

"ಅದು ನಂಗೆ ಬಾವುಟ ಅನ್ನಿಸ್ಲೇ ಇಲ್ಲ" ಎಂದ. ಜನರ ಕಡೆ ತಿರುಗಿ ಗಟ್ಟಿಯಾಗಿ ಹೇಳಿದ. "ಕಂಬಳಿ ಅನ್ನಿಸ್ತು. ಕಂಬಳಿ ಬಿತ್ತಲ್ಲ, ನಾಗಿ ಗೆದ್ಲು, ಇನ್ನು ನಾವು ತಿರುಗಿಸ್ಬೇಕು ಅಂತ ತಿರುಗಿಸ್ದೆ. ಯಾವಾಗ್ಲೂ ಹಂಗೇ ಅಲ್ವಾ ಮಾಡ್ತಿದ್ದಿದ್ದು. ಹೊಸ ರೂಲು ತಲೇಲೇ ಇರ್ಲಿಲ್ಲ. ಇಳಿದು ನೋಡಿದ್ರೆ ಅಪ್ಪ ಜಗಳ ಶುರು ಮಾಡಿದ್ರು. ನಾನು ಬಾಯಿ ಮುಚ್ಕೊಂಡಿದ್ದೆ."

ನಾಗಶ್ರೀ ಅವನನ್ನು ದುರುಗುಟ್ಟಿ ನೋಡಿದಳು.

"ಐದು ವರ್ಷ ಬೇಕಾಯ್ತೇನೋ, ಒಂದ್ ಜೊತೆ ಶೂ ಬಿಚ್ಚಾಕೆ?"

"ಹೂಂ" ಎಂದ ಅವನು. ತಲೆ ಎತ್ತಲಿಲ್ಲ.

ನನಗೆ ಅವನ ಮೇಲೆ ಸಿಟ್ಟೂ ಬಂತು, ಮರುಕವೂ ಬಂತು. ಹೆಚ್ಚು ಬಂದದ್ದು ಸಿಟ್ಟೇ.

ಮಹೇಶ್ವರಪ್ಪ ಮೇಲಿಂದಲೇ ಕಿರುಚಿದರು. "ಏನ್ ಹೇಳಿದ್ರೂ ಅಷ್ಟೇ! ತೀರ್ಪು ತೀರ್ಪೇ! ಸಮಿತಿ ದಾಖಲೆ ಬದ್ಲಾಗಲ್ಲ!"

ಉಜ್ಜಪ್ಪಜ್ಜ ಅವರ ಕಡೆ ತಿರುಗಿದರು. ಸಿಟ್ಟಿಲ್ಲ, ಜೋರಿಲ್ಲ. "ನಿಮ್ ದಾಖಲೆ ನಿಮ್ಗಿರ್ಲಿ ಸಾವ್ಕಾರ್ರೆ. ಅದನ್ನ ಹಾಸ್ಕೊಂಡು ನೀವೇ ಮಲಗ್ರಿ."

ಹೋ ಎಂದು ಜನ ನಕ್ಕರು. ಹರ್ಷ ಕೆಳಗಿಳಿದ. ಅಜ್ಜ ಬಗ್ಗಿ ಕಂಬಳಿ ಎತ್ತಿಕೊಂಡು, ಧೂಳು ಕೊಡವಿ, ಹೆಗಲಿಗೆ ಹಾಕಿಕೊಂಡರು. ಈಗ ನನಗೆ ಅವರ ಗುರುತು ಸಿಕ್ಕಿತು. ನೇರ ನಡೆದು ಟ್ರ್ಯಾಕಿನ ಗೆರೆಯ ಹತ್ತಿರ ಹೋಗಿ ನಿಂತರು. ಬಾವುಟದವನು, "ಅಜ್ಜ, ಇಲ್ಲಿ ನಿಲ್ಲೋ ಹಾಗಿಲ್ಲ" ಎಂದ.

"ಈ ನೆಲ ನಿಂಗೆ ತೋರ್ಸಿದೋನೇ ನಾನಪ್ಪ" ಎಂದರು ಅಜ್ಜ. ಅವನು ಎರಡು ಹೆಜ್ಜೆ ಪಕ್ಕಕ್ಕೆ ಸರಿದ.

"ನಾಗೀ, ಬಾರವ್ವ."

ನಾಗಶ್ರೀ ಅಲ್ಲೇ ನಿಂತಿದ್ದಳು. "ಈಗ್ಯಾಕಜ್ಜ? ನಂಗೀಗ ಇಪ್ಪತ್ತೆರಡು. ಮುಗ್ದೋಯ್ತಲ್ಲ" ಎಂದಳು. ಅವಳ ದನಿ ಒಡೆಯಿತು. ಇಷ್ಟು ವರ್ಷದಲ್ಲಿ ಅವಳು ಅತ್ತದ್ದನ್ನು ನಾನು ಅವತ್ತೇ ನೋಡಿದ್ದು.

"ಗೆದ್ದಿದ್ದಕ್ಕೆ ವಯಸ್ಸೈತೇನೇ? ಬಾ ಅಂದ್ರೆ ಬಾ."

ಅವಳು ಚಪ್ಪಲಿ ಬಿಟ್ಟು ಬಂದಳು. ಅಜ್ಜ ಹೆಗಲಿನಿಂದ ಕಂಬಳಿ ತೆಗೆದರು. ಒಂದೇ ಒಂದು ಸಲ, ಹಿಂಡು ತಿರುಗಿಸುವ ಹಾಗೆ, ತಲೆಯ ಮೇಲೆ ಬೀಸಿದರು. ಕಂಬಳಿ ಬಿಸಿಲಿನಲ್ಲಿ ಅಗಲವಾಗಿ ಬಿಚ್ಚಿಕೊಂಡಿತು. ಮೈಕು ಸತ್ತೇ ಇತ್ತು. ಐದು ವರ್ಷದಿಂದ ಅರ್ಧಕ್ಕೆ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಮಾತನ್ನು ನಾನು ಸೊರಬಕ್ಕೂ ಕೇಳುವ ಹಾಗೆ ಕೂಗಿದೆ.

"ಕಂಬಳಿ ಬಿತ್ತು!"